ಅಲ್ಲಿ ಮಳೆ ಬಂತಾ ಮಿಸ್?

ಬುಧವಾರ ಬೆಳಿಗ್ಗೆ ಅಮೆರಿಕದ ಟೆಲಿಸ್ಕೋಪಿನಿಂದ ಬಂದ ಫೋಟೋದಲ್ಲಿ ಒಂದು ನಕ್ಷತ್ರವೂ ಇರಲಿಲ್ಲ. ಬರೀ ಬೂದು ಬಣ್ಣ. ಸಾರಿಸಿ ಒಣಗಿದ ಗೋಡೆಯ ಥರ.

ಎಂಟನೇ ಕ್ಲಾಸಿನ ಮಕ್ಕಳು ಟಿವಿ ಮುಂದೆ ಒತ್ತಿಕೊಂಡು ಕೂತಿದ್ದರು. ಸೋಮವಾರದಿಂದ ಕಾದಿದ್ದರು ಪಾಪ. "ಹಾಳಾಗಿದೆ ಮಕ್ಕಳೇ, ಮೋಡ" ಅಂತ ಹೇಳಿ ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಎರಡನೇ ಸಾಲಿನಿಂದ ಒಬ್ಬಳು ಎದ್ದು ನಿಂತಳು.

"ಅಲ್ಲಿ ಮಳೆ ಬಂತಾ ಮಿಸ್?"

ಬೇಜಾರಿನ ದನಿಯಲ್ಲ. ಮುಖ ಅರಳಿತ್ತು. "ಬಂದಿರಬಹುದು" ಅಂದೆ. ಅವಳು ಹಿಂದೆ ತಿರುಗಿ "ಬಂತಂತೆ" ಅಂದಳು. ಆ ಸಾಲಿನವರು ಅದರ ಹಿಂದಿನ ಸಾಲಿಗೆ ಹೇಳಿದರು. ಒಂದು ನಿಮಿಷ ಕ್ಲಾಸಿನ ತುಂಬಾ ಅದೇ ಪಿಸುಮಾತು. ಬಂತಂತೆ, ಬಂತಂತೆ.

ನಾವು ಕೇಳಿದ್ದು ಎಂ13 ಅನ್ನೋ ನಕ್ಷತ್ರಗುಚ್ಛವನ್ನು. ಅಮೆರಿಕದ ಅರಿಝೋನಾದಲ್ಲಿ ಮೈಕ್ರೋಅಬ್ಸರ್ವೇಟರಿಯ ಪುಟ್ಟ ಟೆಲಿಸ್ಕೋಪ್‌ಗಳಿವೆ. ಕನ್ನಡಿ ಬರೀ 6 ಇಂಚು. ಯಾವ ಊರಿನ ಮಕ್ಕಳು ಬೇಕಾದರೂ ದುಡ್ಡಿಲ್ಲದೆ ಬಳಸಬಹುದು. ಏನು ನೋಡಬೇಕು, ಎಷ್ಟು ಸೆಕೆಂಡು ಬೆಳಕು ಹಿಡಿಯಬೇಕು ಅಂತ ಇಲ್ಲಿಂದ ಆರಿಸಿ ಕಳಿಸಿದರೆ, ರಾತ್ರಿ ಅದು ತಾನೇ ತಿರುಗಿ ಫೋಟೋ ತೆಗೆದು ಇಮೇಲ್ ಮಾಡುತ್ತೆ. ನಾವು 60 ಸೆಕೆಂಡು ಆರಿಸಿದ್ದೆವು. ಮಂಗಳವಾರ ಪ್ರಾರ್ಥನೆ ಮುಗಿದು ಮಕ್ಕಳು ಕ್ಲಾಸಿಗೆ ಬಂದಾಗ ಹತ್ತೂವರೆ. ಅಲ್ಲಿ ಇನ್ನೂ ಸೋಮವಾರ ರಾತ್ರಿ ಹತ್ತು ಗಂಟೆ. "ಹಾಗಾದ್ರೆ ಅವರು ನೆನ್ನೇಲೇ ಇದಾರಾ ಮಿಸ್?" ಅಂತ ಒಬ್ಬ ಕೇಳಿದ್ದ. ಆವತ್ತು ಬೇರೆ ಪಾಠವೇ ನಡೆಯಲಿಲ್ಲ.

ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಆ ಬೂದು ಫೋಟೋ ನೋಡಿ, "ಗೂಗಲ್‌ನಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾಗಿರೋದು ಸಿಗುತ್ತಲ್ಲ ಮೇಡಂ" ಅಂದರು. ಒಳ್ಳೆಯ ಮನುಷ್ಯ. ಮಕ್ಕಳಿಗೆ ಲೆಕ್ಕ ಬರದಿದ್ದರೆ ಭಾನುವಾರವೂ ಬಂದು ಹೇಳಿಕೊಡುತ್ತಾರೆ. ಆದರೆ ಯಾವುದಕ್ಕೂ ಕಾಯುವವರಲ್ಲ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಸಂಜೆ ಬಸ್ಸಿನಲ್ಲಿ ಹೊಳೆಯಿತು. ಗೂಗಲ್‌ನಲ್ಲಿ ಸಿಗೋ ಚೆಂದದ ಫೋಟೋ ಹಬಲ್ ಅನ್ನೋ ಬಾಹ್ಯಾಕಾಶ ಟೆಲಿಸ್ಕೋಪಿನದು. ಅದು ಮೋಡಗಳಿಗಿಂತ ಎಷ್ಟೋ ಮೇಲೆ, ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತೆ. ಅದರ ಫೋಟೋ ನೋಡಿ ಯಾವ ಮಗುವೂ "ಮಳೆ ಬಂತಾ" ಅಂತ ಕೇಳೋಕಾಗಲ್ಲ.

ಆ ಹುಡುಗಿಯ ಅಪ್ಪ ರಾಗಿಗೆ ಅಂತ ಹೊಲ ಉತ್ತು ಬಿಟ್ಟಿದ್ದಾರೆ. ಆರಿದ್ರಾ ಮಳೆ ಕೈಕೊಟ್ಟಿತು. ಈಗ ಪುನರ್ವಸು ನಡೆಯುತ್ತಿದೆ, ಮಣ್ಣು ಹದವಾಗುವಷ್ಟೂ ಬಿದ್ದಿಲ್ಲ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಇಂಥ ಊರಿನ ಮಗುವಿಗೆ ನಾನು ಮೋಡ ತೋರಿಸಿ "ಹಾಳಾಗಿದೆ" ಅಂದೆ. ಆ ಮಾತು ನೆನೆದರೆ ಈಗಲೂ ಕಸಿವಿಸಿ ಆಗುತ್ತೆ.

ರಾತ್ರಿ ಕೂತು ಓದಿದೆ. ಅರಿಝೋನಾದಲ್ಲೂ ಈಗ ಮಳೆಗಾಲ. ಅವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಲೆಕ್ಕ. ಗಾಳಿ ದಿಕ್ಕು ಬದಲಿಸಿ ಕಡಲಿನ ತೇವವನ್ನು ಮರುಭೂಮಿಗೆ ಹೊತ್ತು ತರುತ್ತೆ. ಅಂದರೆ ಅವಳ ಪ್ರಶ್ನೆ ಸರಿಯಾಗಿಯೇ ಇತ್ತು.

ಇನ್ನೊಂದು ವಿಷಯ ಕಾಡುತ್ತಿದೆ. ಟೆಲಿಸ್ಕೋಪ್ ಇಡುವವರು ಮಳೆ ಕಡಿಮೆ ಇರುವ ಜಾಗವನ್ನೇ ಹುಡುಕಿ ಹೋಗುತ್ತಾರೆ. ನಮ್ಮ ಪಕ್ಕದ ಹೊಸಕೋಟೆಯಲ್ಲಿ ಕೂತು ವಿಜ್ಞಾನಿಗಳು ನಡೆಸುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇರುವುದು ಲಡಾಖಿನ ಹಾನ್ಲೆಯಲ್ಲಿ. 4500 ಮೀಟರ್ ಎತ್ತರದ ತಣ್ಣನೆಯ ಮರುಭೂಮಿ ಅದು. ಬೆಂಗಳೂರಿಗೆ ಹೋಗುವ ನಮ್ಮ ಬಸ್ಸು ದಿನಾ ಹೊಸಕೋಟೆ ದಾಟುತ್ತೆ. ಇದನ್ನು ಮಕ್ಕಳಿಗೆ ಒಮ್ಮೆಯೂ ಹೇಳಿರಲಿಲ್ಲ. ಆರಿದ್ರಾ, ಪುನರ್ವಸು ಅನ್ನೋವು ನಕ್ಷತ್ರದ ಹೆಸರು ಅಂತಲೂ ಹೇಳಿರಲಿಲ್ಲ. ಸೂರ್ಯ ಆಕಾಶದಲ್ಲಿ ಯಾವ ನಕ್ಷತ್ರದ ಕಡೆ ಇರುತ್ತಾನೋ ಆಗಿನ ಮಳೆಗೆ ಅದೇ ಹೆಸರು. ಸೂರ್ಯನ ಬೆಳಕಿನಲ್ಲಿ ಮುಳುಗಿರುವುದರಿಂದ ಆ ದಿನಗಳಲ್ಲಿ ಆ ನಕ್ಷತ್ರ ಕಣ್ಣಿಗೆ ಬೀಳಲ್ಲ. ಆದರೂ ನಮ್ಮ ಅಜ್ಜಂದಿರು ಅದರ ಲೆಕ್ಕ ಇಟ್ಟರು. ಆ ಹುಡುಗಿಯ ಮನೆಯಲ್ಲಿ ಇವತ್ತಿಗೂ ಆ ಲೆಕ್ಕವೇ ನಡೆಯುತ್ತೆ. ನಾನು ಮಾತ್ರ ನಕ್ಷತ್ರವನ್ನು ಒಂದು ಪಾಠ ಮಾಡಿ, ಮಳೆಯನ್ನು ಇನ್ನೊಂದು ಪಾಠ ಮಾಡಿ ಬೇರೆ ಬೇರೆ ದಿನ ಹೇಳುತ್ತಾ ಬಂದಿದ್ದೆ.

ಗುರುವಾರ ಇದನ್ನೆಲ್ಲ ಕ್ಲಾಸಿನಲ್ಲಿ ಹೇಳಿದೆ. ಎಂ13ರ ಬೆಳಕು 20,000 ವರ್ಷಕ್ಕೂ ಜಾಸ್ತಿ ದಾರಿ ನಡೆದು ಬಂತು, ಕೊನೆಯ ಕೆಲವೇ ಕಿಲೋಮೀಟರಿನಲ್ಲಿ ನೀರಿನ ಹನಿಗಳು ತಡೆದವು ಅಂದಾಗ ಯಾರೂ ಉಸಿರೆತ್ತಲಿಲ್ಲ. ವೀಕ್ಷಣೆಯ ನೋಟ್‌ಬುಕ್ಕಿನಲ್ಲಿ "ಏನು ಕಂಡಿತು" ಅನ್ನೋ ಕಡೆ ನಾನು "ಏನೂ ಇಲ್ಲ" ಅಂತ ಬರೆದಿದ್ದೆ. ಅವಳ ಕೈಗೆ ಪೆನ್ನು ಕೊಟ್ಟೆ. ಅದನ್ನು ಹೊಡೆದುಹಾಕಿ "ಮೋಡ" ಅಂತ ಬರೆದಳು.

ಶುಕ್ರವಾರ ಮತ್ತೆ ಎಂ13 ಕೇಳಿದ್ದೇವೆ. 60 ಸೆಕೆಂಡೇ. ಫೋಟೋ ಇನ್ನೂ ಬಂದಿಲ್ಲ. ಇಲ್ಲಿ ಮಳೆಯೂ ಬಂದಿಲ್ಲ.