ಹೊಟ್ಟೆಯೊಳಗೆ ಹೊಟ್ಟು

ಎಂ.ಫಾರ್ಮ ಎರಡನೇ ವರ್ಷ ನಾನು ಕ್ಲಾಸಿಗಿಂತ ಜಾಸ್ತಿ ಇದ್ದದ್ದು ಸೈಕಲ್ ಸ್ಟ್ಯಾಂಡ್ ಹಿಂದಿನ ಅನಿಮಲ್ ಹೌಸಿನಲ್ಲಿ. ಬಟ್ಟೆಗೆ ಹತ್ತಿದ ವಾಸನೆಗೆ ರೂಮ್‌ಮೇಟ್ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಬಿಳಿ ಇಲಿಗಳಿಗೆ ನಾಲ್ಕು ವಾರ ದಿನಾ ಆಸಿಡ್ ತಗ್ಗಿಸುವ ಔಷಧಿ ಒಮೆಪ್ರಜೋಲ್ ಕುಡಿಸಿ ಹೊಟ್ಟೆಯ ಆಸಿಡ್ ಅಳೆಯುವುದು ನನ್ನ ಪ್ರಾಜೆಕ್ಟ್. ವಿಧಾನ ಹಳೆಯದು, 1945ರಲ್ಲಿ ಶೇ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಹೇಳಿದ್ದು. ಇಲಿಯನ್ನು ಒಂದು ದಿನ ಉಪವಾಸ ಕೆಡವಿ, ಅರಿವಳಿಕೆ ಕೊಟ್ಟು, ಜಠರದ ಕೆಳಬಾಯಿಗೆ ದಾರ ಕಟ್ಟಬೇಕು. ನಾಲ್ಕು ಗಂಟೆ ಬಿಟ್ಟು ಒಳಗೆ ಸೇರಿದ ರಸ ತೆಗೆದು ಟೈಟ್ರೇಷನ್. ಆಸಿಡ್ ತೋರಿಸುವ ಬಣ್ಣ, ಟಾಪ್ಫರ್ ರೀಏಜೆಂಟ್, ಹಾಕಿದರೆ ರಸ ಕೆಂಪಗಾಗುತ್ತದೆ. ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಹನಿ ಹನಿ ಸೋಡಿಯಂ ಹೈಡ್ರಾಕ್ಸೈಡ್ ಬಿದ್ದು ಹಳದಿಗೆ ತಿರುಗಿತೋ, ನಿಲ್ಲಿಸಬೇಕು. ಹನಿ ಜಾಸ್ತಿ ಬಿದ್ದಷ್ಟೂ ಆಸಿಡ್ ಜಾಸ್ತಿ.

ಮೊದಲ ಇಲಿಯ ಹೊಟ್ಟೆ ಕೊಯ್ದಾಗ ಒಳಗಿದ್ದದ್ದು ರಸವಲ್ಲ, ಭತ್ತದ ಹೊಟ್ಟು! ಆಹಾರ ತೆಗೆದಿದ್ದೆ, ಗೂಡಿಗೆ ಹಾಸಿದ್ದ ಹೊಟ್ಟನ್ನು ಮರೆತಿದ್ದೆ. ನಮ್ಮ ಗೈಡ್ ಸರ್ ಬೈಯಲಿಲ್ಲ. "ಹಸಿದವರು ಸಿಕ್ಕಿದ್ದು ತಿಂತಾರಮ್ಮ" ಅಂದರು, ಅಷ್ಟೇ. ಇಲಿ ತನ್ನ ಹಿಕ್ಕೆಯನ್ನೂ ತಿನ್ನುತ್ತದೆ. ಮರುದಿನದಿಂದ ಉಪವಾಸದ ಇಲಿಗಳಿಗೆ ತಂತಿ ಜಾಲರಿಯ ಗೂಡು.

ನಾಲ್ಕು ವಾರ ಮುಗಿದಾಗ ಆಸಿಡ್ ಚೆನ್ನಾಗಿ ಇಳಿದಿತ್ತು. ಖುಷಿಯಿಂದ ಓಡಿದೆ. ಸರ್ ಕೇಳಿದ್ದು ಒಂದೇ ಮಾತು: "ಔಷಧಿ ನಿಲ್ಲಿಸಿದ ಮೇಲೆ?"

ಅರ್ಧ ಇಲಿಗಳನ್ನು ಅವರು ಸುಮ್ನೆ ಉಳಿಸಿಕೊಳ್ಳಲು ಹೇಳಿರಲಿಲ್ಲ. ಒಮೆಪ್ರಜೋಲ್ ನಿಲ್ಲಿಸಿ ಎರಡು ವಾರಕ್ಕೆ ಅವುಗಳ ಸರದಿ ಬಂತು. ಬ್ಯುರೆಟ್ ಇಳೀತಾನೇ ಇದೆ, ಕೆಂಪು ಹೋಗುತ್ತಿಲ್ಲ. ಔಷಧಿ ಮುಟ್ಟದ ಇಲಿಗಳಿಗಿಂತಲೂ ಜಾಸ್ತಿ ಆಸಿಡ್! ಆಸಿಡ್ ಕಮ್ಮಿಯಾದಾಗ ದೇಹ ಗ್ಯಾಸ್ಟ್ರಿನ್ ಹಾರ್ಮೋನನ್ನು ಏರಿಸುತ್ತದೆ. ಅದು ಜಠರದ ಇಸಿಎಲ್ ಎಂಬ ಕೋಶಗಳನ್ನು ಬೆಳೆಸುತ್ತದೆ; ಅವು ಬಿಡುವ ಹಿಸ್ಟಮಿನ್ ಆಸಿಡ್ ಸುರಿಸುತ್ತದೆ. ಮಾತ್ರೆಯ ತಡೆ ತೆಗೆದರೂ ಆ ಕೋಶಗಳು ಅಲ್ಲೇ ಇರುತ್ತವಲ್ವಾ?

ಆ ಸಂಜೆ ಸರ್ ಸ್ವೀಡನ್ನಿನ ಕಥೆ ಹೇಳಿದರು. ಎರಡು ವರ್ಷ ಹೆಚ್ಚು ಡೋಸಿನ ಒಮೆಪ್ರಜೋಲ್ ತಿಂದ ಇಲಿಗಳ ಜಠರದಲ್ಲಿ ಇದೇ ಇಸಿಎಲ್ ಕೋಶಗಳ ಗಡ್ಡೆ ಕಾಣಿಸಿ, 1984ರಲ್ಲಿ ಮನುಷ್ಯರ ಮೇಲಿನ ಪ್ರಯೋಗವೇ ನಿಂತಿತ್ತಂತೆ. ಕಾರಣ ಔಷಧಿಯ ವಿಷವಲ್ಲ, ಏರಿದ ಗ್ಯಾಸ್ಟ್ರಿನ್ ಎಂದು ಗೊತ್ತಾಯಿತು. 1988ರಲ್ಲಿ ಔಷಧಿ ಮಾರುಕಟ್ಟೆಗೆ ಬಂತು.

ಈಗ ನನ್ನದೇ ಮೆಡಿಕಲ್ ಶಾಪ್ ಇದೆ. "ಗ್ಯಾಸ್ಟ್ರಿಕ್ ಮಾತ್ರೆ ಕೊಡಮ್ಮ, ಬಿಟ್ಟರೆ ಉರಿ ಇನ್ನೂ ಜಾಸ್ತಿ" ಅಂತ ಬರುತ್ತಾರೆ. ಎಷ್ಟು ದಿನದಿಂದ ತಗೊಳ್ತಿದ್ದೀರಿ ಅಂತ ಕೇಳುತ್ತೇನೆ.

"ಅಯ್ಯೋ, ಅದಕ್ಕೆಲ್ಲ ಯಾರು ಲೆಕ್ಕ ಇಡ್ತಾರೆ?"