ಕೊಳಕ್ಕೆ ಇಳಿಯದೆ ಗುಣವಾದವನು

ಏಪ್ರಿಲ್ 1, 2025, ಮಂಗಳವಾರ

ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸಕಾಲದ, ನಾಲ್ಕನೇ ವಾರ. ಪೂಜೆಯಲ್ಲಿ ಓದುವ ಇವತ್ತಿನ ಎರಡು ಬೈಬಲ್ ವಾಚನಗಳಲ್ಲೂ ನೀರು: ಪ್ರವಾದಿ ಯೆಜೆಕಿಯೇಲನ ಗ್ರಂಥದ 47ನೇ ಅಧ್ಯಾಯ, ಆಮೇಲೆ ಯೊವಾನ್ನರ ಶುಭಸಂದೇಶದ 5ನೇ ಅಧ್ಯಾಯದ ಬೇತೆಸ್ದ ಕೊಳ. ಜೆರುಸಲೇಮಿನ ಆ ಕೊಳದ ಐದು ಮಂಟಪಗಳಲ್ಲಿ ರೋಗಿಗಳು ಗುಣವಾಗಲು ಕಾದು ಮಲಗಿರುತ್ತಿದ್ದರು.

"ಗುಣವಾಗಲು ನಿನಗೆ ಮನಸ್ಸಿದೆಯೇ?" ಎಂದು ಯೇಸು ಕೇಳುತ್ತಾರೆ. 38 ವರ್ಷದಿಂದ ಕಾಯಿಲೆ ಬಿದ್ದವನು ಹೌದು ಅನ್ನುವುದಿಲ್ಲ. ನೀರು ಕಲಕಿದಾಗ ನನ್ನನ್ನು ಇಳಿಸುವವರಿಲ್ಲ, ನಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದಿರುತ್ತಾನೆ ಅನ್ನುತ್ತಾನೆ. ಪ್ರವಚನಗಳಲ್ಲಿ ಇವನಿಗೆ ಸೋಮಾರಿ ಪಟ್ಟ ಕಟ್ಟುವುದು ಮಾಮೂಲು. ನನಗೆ ಒಪ್ಪಿಗೆಯಿಲ್ಲ.

ದೇವದೂತ ಬಂದು ನೀರು ಕಲಕುತ್ತಾನೆ, ಮೊದಲು ಇಳಿದವನಿಗೆ ಮಾತ್ರ ಗುಣ ಎಂಬುದು ಆ ಅಧ್ಯಾಯದ 4ನೇ ವಚನ. ಅತಿ ಹಳೆಯ ಹಸ್ತಪ್ರತಿಗಳಲ್ಲಿ ಅದಿಲ್ಲ. ಪೂಜೆಯ ವಾಚನವೂ 3ರಿಂದ ನೇರ 5ಕ್ಕೆ ಹಾರುತ್ತದೆ. ಆದರೂ ಆ ಜನರ ನಂಬಿಕೆ ಹಾಗೇ ಇತ್ತು ಅನ್ನುವುದು ಇವನ ಮಾತಿನಲ್ಲೇ ಇದೆ. ಆ ನಿಯಮದಲ್ಲಿ ಗೆಲ್ಲುವವರು ಯಾರು? ಸಣ್ಣಪುಟ್ಟ ಕಾಯಿಲೆಯವರು, ಹೊತ್ತೊಯ್ಯಲು ಆಳುಗಳಿದ್ದವರು. ಏಳಲಾಗದವನಿಗೆ ಸರದಿ ಬರುವುದೇ ಇಲ್ಲ. ಅವನು ನೆಪ ಹೇಳುತ್ತಿಲ್ಲ, ಆ ಐದು ಮಂಟಪಗಳ ಕಾನೂನು ಹೇಳುತ್ತಿದ್ದಾನೆ. (ಮಂಟಪಗಳು ಐದೇ ಯಾಕೆ ಅಂದರೆ, ಜೆರುಸಲೇಮಿನ ಸಂತ ಅನ್ನಮ್ಮನವರ ಚರ್ಚಿನ ಪಕ್ಕ ಅಗೆದಾಗ ಸಿಕ್ಕಿದ್ದು ಜೋಡಿ ಕೊಳ. ಸುತ್ತ ನಾಲ್ಕು, ನಡುಗೋಡೆಯ ಮೇಲೆ ಒಂದು.)

ಯೆಜೆಕಿಯೇಲನ ನೀರಿಗೆ ಈ ಪೈಪೋಟಿಯಿಲ್ಲ. ದೇವಾಲಯದ ಹೊಸ್ತಿಲಡಿಯಿಂದ ಅದಾಗಿಯೇ ಹೊರಡುತ್ತದೆ. ಸಾವಿರ ಮೊಳ ದೂರಕ್ಕೆ ಕಾಲಿನ ಹರಡು ಮುಳುಗುವಷ್ಟು ಆಳ, ಇನ್ನೊಂದು ಸಾವಿರಕ್ಕೆ ಮೊಣಕಾಲು, ಮತ್ತೊಂದಕ್ಕೆ ಸೊಂಟ, ನಾಲ್ಕನೆಯದಕ್ಕೆ ಈಜಬೇಕಾದ ಹೊಳೆ. ಹೋಗಿ ಹೋಗಿ ಉಪ್ಪು ಸಮುದ್ರವನ್ನೂ (ಮೃತ ಸಮುದ್ರ) ಸಿಹಿ ಮಾಡುತ್ತದೆ. ಬೇತೆಸ್ದದಲ್ಲಿ ಯೇಸು ಆ ರೋಗಿಯನ್ನು ಕೊಳಕ್ಕೆ ಇಳಿಸಲಿಲ್ಲ, ಅವನಿಗೆ ಬೇಕಿದ್ದ ಸಹಾಯವೇ ಅದಾಗಿದ್ದರೂ. ಎದ್ದು ಹಾಸಿಗೆ ಹೊತ್ತು ನಡೆ ಅಂದರು, ಅಷ್ಟಕ್ಕೇ ಗುಣವಾಯಿತು. ಆ ಓಟದಲ್ಲಿ ಗೆಲ್ಲಿಸಿದ್ದರೆ ಇನ್ನೊಬ್ಬನನ್ನು ಸೋಲಿಸಿದ ಹಾಗಾಗುತ್ತಿತ್ತು.

ಧ್ಯಾನಿಸುವವರು 6ನೇ ವಚನಕ್ಕೆ ನಿಲ್ಲಿಸಿ, ಗುಣವಾಗಲು ಮನಸ್ಸಿದೆಯೇ ಎಂಬ ಪ್ರಶ್ನೆಗೆ ತಮ್ಮ ಉತ್ತರ ಬರೆದಿಟ್ಟು, ಆಮೇಲೆ 7 ಓದಬೇಕು. ಎಡವುವುದು ಇಲ್ಲೇ: ಎಲ್ಲರೂ ತಕ್ಷಣ ರೋಗಿಯ ಜಾಗದಲ್ಲಿ ಕೂರುತ್ತಾರೆ. ಎರಡನೇ ಸಲ, ಮುಂಚೆ ಇಳಿದುಬಿಡುವವನ ಜಾಗದಲ್ಲಿ ಕೂತು ಓದಿ. ಕಷ್ಟವಾಗುತ್ತದೆ.

ಹಾಗೆ ಹಾಸಿಗೆ ಹೊರಿಸಿದ್ದು ಸಬ್ಬತ್ತಿನ ದಿನ, ಯೆಹೂದ್ಯರ ವಿಶ್ರಾಂತಿಯ ದಿನ. ಆ ದಿನ ಹೊರೆ ಹೊರಬಾರದೆಂದು ಯೆರೆಮಿಯ 17ರಲ್ಲೇ ಇದೆ. ಎದ್ದ ಕೂಡಲೇ ಯೆಹೂದ್ಯರ ತಗಾದೆ! ಹೊರಲು ಯಾರು ಹೇಳಿದ್ದು ಅಂದರೆ ಅವನಿಗೆ ಹೆಸರೂ ಗೊತ್ತಿಲ್ಲ. ವಿಶ್ವಾಸ ಕೇಳದೆ, ಗುರುತು ಹೇಳದೆ ಕೊಟ್ಟ ಆರೋಗ್ಯ.

ಅರ್ಥವಾಗದೆ ಉಳಿದಿರುವುದು 14ನೇ ವಚನ, ಯೇಸು ಆಮೇಲೆ ಅವನಿಗೆ ಹೇಳಿದ ಮಾತು. "ಇನ್ನು ಪಾಪ ಮಾಡಬೇಡ, ಇದಕ್ಕಿಂತ ಹೆಚ್ಚಿನ ಕೇಡು ಬಂದೀತು." ಹುಟ್ಟುಕುರುಡನ ವಿಷಯದಲ್ಲಿ, 9ನೇ ಅಧ್ಯಾಯದಲ್ಲಿ, ಇವನ ಪಾಪವೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದು ಹೇಳುವವರೂ ಯೇಸುವೇ. ಹಾಗಾದರೆ ಆ ಹೆಚ್ಚಿನ ಕೇಡು ಕಾಯಿಲೆ ಇರಲಾರದು. ಕಾಲು ಬಂದ ಮೇಲೆ ಇವನೂ ಬೇರೆಯವರಿಗಿಂತ ಮುಂಚೆ ಓಡಿ...