ಉದ್ದಗಡ್ಡ ಹುಡುಕಿಕೊಂಡು ಹೋದ ಭಾನುವಾರ

ಸೆಪ್ಟೆಂಬರ್ ಬಂತೆಂದರೆ ಉತ್ತರ ಸ್ವೀಡನ್ನಿನಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆ ಶುರು. ಕಾಡಿಗೆ ಹೋಗುವವರು ಬೇಟೆಗಾರರ ಕಣ್ಣಿಗೆ ಬೀಳಲಿ ಅಂತ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳುತ್ತಾರೆ. ಆ ಭಾನುವಾರ ನಾವು ಐದು ಜನ ರಸ್ತೆ ರಿಪೇರಿಯವರ ಥರ ಕಾಣುತ್ತಿದ್ದೆವು. ಹೊರಟಿದ್ದು ಮಾತ್ರ ಕಲ್ಲುಹೂವು ಎಣಿಸುವುದಕ್ಕೆ.

ಹೌದು, ಮಸಾಲೆ ಪುಡಿಗೆ ಹಾಕ್ತೀವಲ್ಲ, ಅದೇ ಜಾತಿ. ಹೆಸರಲ್ಲಿ ಹೂವಿದೆ ಅಷ್ಟೆ. ಅದು ಹೂವೂ ಅಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ, ಅದರ ಮೈಯೊಳಗೆ ಪಾಚಿ. ಪಾಚಿ ಬಿಸಿಲಲ್ಲಿ ಊಟ ತಯಾರಿಸುತ್ತದೆ, ಶಿಲೀಂಧ್ರ ನೆರಳು ನೀರು ನೋಡಿಕೊಳ್ಳುತ್ತದೆ. ನಲವತ್ತು ವರ್ಷ ತಿಂದಿದ್ದೇನೆ, ಇದು ಮಾತ್ರ ಗೊತ್ತಿರಲಿಲ್ಲ.

ನಾನಿರುವ ಉಮಿಯೊ ಊರಿನಿಂದ ಸಮುದ್ರದ ದಂಡೆ ಹಿಡಿದು ದಕ್ಷಿಣಕ್ಕೆ ಸುಮಾರು ಎರಡು ಗಂಟೆ ಕಾರಲ್ಲಿ ಹೋದರೆ ಸ್ಕೂಲೆಸ್ಕೂಗೆನ್ ರಾಷ್ಟ್ರೀಯ ಉದ್ಯಾನ. ಅದರ ಹೊರಗಿನ ಒಂದು ಹಳೇ ಸ್ಪ್ರೂಸ್ ಕಾಡು, ಅಂದರೆ ಸೂಜಿ ಎಲೆ ಮರಗಳ ಕಾಡು, ನಮ್ಮ ಪಾಲಿಗೆ ಬಂದಿತ್ತು. ಮುಂದಾಳು ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರುವುದಿಲ್ಲ. ಮನಸ್ಸಿನಲ್ಲೇ ಟೀಚರಮ್ಮ ಅಂತ ಹೆಸರಿಟ್ಟುಕೊಂಡಿದ್ದೆ.

ಕೆಲಸ ಸುಲಭ ಅಂದುಕೊಂಡಿದ್ದೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಇಪ್ಪತ್ತು ಮರ ಆರಿಸುವುದು, ಬುಡದಿಂದ ಕೈಗೆಟುಕುವವರೆಗೆ ನೋಡುವುದು, ಕಂಡದ್ದನ್ನು ಪಟ್ಟಿಗೆ ಬರೆಯುವುದು. ಮೊದಲನೇ ಮರಕ್ಕೇ ಮುಕ್ಕಾಲು ಗಂಟೆ ಹೋಯಿತು! ದೂರದಿಂದ ಬರೀ ಬೂದು ತೊಗಟೆ. ಭೂತಗನ್ನಡಿ ಹಿಡಿದು ಮೂಗು ತಾಗುವಷ್ಟು ಹತ್ತಿರ ಹೋದೆ. ತೊಗಟೆಯ ಸಂದಿಯಲ್ಲಿ ಗುಂಡುಸೂಜಿಗಳನ್ನು ಸಾಲಾಗಿ ಚುಚ್ಚಿಟ್ಟಂತಿತ್ತು. ಒಂದೊಂದೂ ಒಂದೆರಡು ಮಿಲಿಮೀಟರ್ ಎತ್ತರ, ತುದಿಗೆ ಸಾಸಿವೆಗಿಂತ ಸಣ್ಣ ಕರಿ ತಲೆ. ಬೆರಳು ಸವರಿದರೆ ಕಾಡಿಗೆಯಂಥ ಮಸಿ ಅಂಟಿತು. ಆ ಮಸಿಯೇ ಬೀಜಕಣ. ಸ್ವೀಡಿಷ್ ಭಾಷೆಯಲ್ಲೂ ಇದರ ಹೆಸರು ಗುಂಡುಸೂಜಿ ಕಲ್ಲುಹೂವು ಅಂತಲೇ.

ಬುತ್ತಿ ಬಿಚ್ಚಿದ್ದು ಒಂದು ಬಂಡೆಯ ಮೇಲೆ. ಬಂಡೆ ತುಂಬ ಹಳದಿ ಹಸಿರು ತೇಪೆ, ನಡುವೆ ಕರಿ ಗೆರೆ, ಥೇಟ್ ತಾಲ್ಲೂಕು ನಕ್ಷೆ. ಹೆಸರೂ ನಕ್ಷೆ ಕಲ್ಲುಹೂವು. ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯುವುದಿಲ್ಲವಂತೆ. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ಮೇಲೆ ಈ ಕರಾವಳಿಯ ನೆಲ ಮೇಲೇಳುತ್ತಲೇ ಇದೆ, ಈಗಲೂ ವರ್ಷಕ್ಕೆ 8 ಮಿಲಿಮೀಟರ್. ಬೆಟ್ಟವೇ ಕಲ್ಲುಹೂವಿಗಿಂತ ಬೇಗ ಬೆಳೆಯುತ್ತಿದೆ ಅಂದಂಗಾಯ್ತು. ಗಿಡ ಪ್ರಾಣಿಗಳಿಗೆಲ್ಲ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕಲ್ಲುಹೂವುಗಳನ್ನು ಸಸ್ಯಲೋಕದ ಕಡುಬಡವರು ಅಂದಿದ್ದ. ಅವನದೇ ಶಿಷ್ಯ ಎರಿಕ್ ಅಕೇರಿಯಸ್ ಈ ಬಡವರ ಹಿಂದೆಯೇ ಬದುಕು ಕಳೆದು ಕಲ್ಲುಹೂವಿನ ಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ.

ನಿಜ ಹೇಳಬೇಕೆಂದರೆ ನಾನು ಹೋಗಿದ್ದು 'ಉದ್ದಗಡ್ಡ'ದ ಆಸೆಗೆ. ಸ್ಪ್ರೂಸ್ ಕೊಂಬೆಗಳಿಂದ ತೋರಣದಂತೆ ಇಳಿಬೀಳುವ ಅಪರೂಪದ ಕಲ್ಲುಹೂವು ಅದು. ಎಳೆ ಮೀಟರುಗಟ್ಟಲೆ ಉದ್ದ ಬರುತ್ತದೆ. ಹರಡುವುದೂ ಹೆಚ್ಚಾಗಿ ತುಂಡಾದ ಎಳೆ ಪಕ್ಕದ ಮರಕ್ಕೆ ಸಿಕ್ಕಿಕೊಂಡೇ. ಹಾಗಾಗಿ ಕಾಡನ್ನು ಒಮ್ಮೆ ಸವರಿ ಕಡಿದರೆ ಅದು ತಿರುಗಿ ಬರುವುದು ಕಷ್ಟ. ಗಾಳಿಯಲ್ಲಿ ಗಂಧಕದ ಹೊಗೆ ಜಾಸ್ತಿಯಾದರೂ ಸಾಯುತ್ತದೆ.

ಹದಿಮೂರನೇ ಮರದಲ್ಲಿ ಮೊಳದುದ್ದದ ಹಸಿರು ಬಿಳುಪಿನ ಎಳೆಗಳು ಕಂಡವು. "ಸಿಕ್ತು!" ಅಂತ ಕೂಗಿಬಿಟ್ಟೆ, ಕನ್ನಡದಲ್ಲೇ. ಟೀಚರಮ್ಮ ನಿಧಾನಕ್ಕೆ ಬಂದರು. ನೆಲಕ್ಕೆ ಬಿದ್ದಿದ್ದ ಒಂದು ಎಳೆ ಎತ್ತಿ, ನೀರು ಸೋಕಿಸಿ, ನನ್ನ ಕೈಗೆ ಕೊಟ್ಟು "ಎಳಿ" ಅಂದರು. ಎಳೆದೆ. ಟಕ್ ಅಂತ ಕಿತ್ತುಬಂತು. ಗಡ್ಡದ ಜಾತಿಯಾದರೆ ಮೇಲಿನ ಸಿಪ್ಪೆ ಬಿರಿದು ಒಳಗಿನ ಬಿಳಿ ದಾರ ರಬ್ಬರಿನಂತೆ ಹಿಗ್ಗಬೇಕು. ಉದ್ದಗಡ್ಡದ ಎಳೆಗೆ ಎರಡೂ ಬದಿಗೆ ಮೀನಿನ ಮುಳ್ಳಿನಂಥ ಗಿಡ್ಡ ಕವಲೂ ಇರಬೇಕು. ಇದಕ್ಕೆ ಅದೂ ಇಲ್ಲ. "ಇದು ನೂಲು ಕಲ್ಲುಹೂವು. ಇದೂ ಹಳೇ ಕಾಡಿನದೇ, ಒಳ್ಳೇದೇ," ಅಂದರು. ಸಮಾಧಾನಕ್ಕೆ ಹೇಳಿದ್ದು ಅಂತ ಗೊತ್ತಾಯಿತು.

ಸಂಜೆ ನಾಲ್ಕಕ್ಕೆ ಪಟ್ಟಿ ಒಪ್ಪಿಸಿದೆ. ಉದ್ದಗಡ್ಡದ ಮುಂದೆ ಖಾಲಿ ಬಿಟ್ಟಿದ್ದೆ. ಟೀಚರಮ್ಮ ವಾಪಸ್ ಕೊಟ್ಟರು. "ಖಾಲಿ ಬಿಟ್ಟರೆ ಹುಡುಕಲೇ ಇಲ್ಲ ಅಂತ ಅರ್ಥ. ಇಪ್ಪತ್ತು ಮರ ನೋಡಿದ್ದೀಯ ತಾನೆ? ಸೊನ್ನೆ ಬರಿ." ಪೆನ್ಸಿಲ್ ತಗೊಂಡು ದುಂಡಗೆ ಒಂದು ಸೊನ್ನೆ ಬರೆದೆ. ಒಂದು ದಿನದ ರಜೆ, ಒದ್ದೆ ಕಾಲುಚೀಲ, ಮೊಣಕಾಲು ನೋವು, ಎಲ್ಲ ಸೇರಿ ಆ ಸೊನ್ನೆ.

ಮನೆಗೆ ಬಂದವನೇ ಅಮ್ಮ ಊರಿಂದ ಕಟ್ಟಿಕೊಟ್ಟಿದ್ದ ಕಲ್ಲುಹೂವಿನ ಪೊಟ್ಟಣ ಬಿಚ್ಚಿ ಭೂತಗನ್ನಡಿ ಹಿಡಿದೆ. ಮೇಲೆ ಬೂದು, ಕೆಳಗೆ ಕಪ್ಪು. ಕೆಲವು ಚೂರುಗಳ ಅಂಚಿಗೆ ಕಣ್ರೆಪ್ಪೆಯಂಥ ಕರಿ ಕೂದಲು, ಕೆಲವಕ್ಕೆ ಇಲ್ಲ. ಒಂದೇ ಪೊಟ್ಟಣದಲ್ಲಿ ಎರಡು ಮೂರು ಜಾತಿ ಬೆರೆತಿತ್ತು. ಅವುಗಳ ನಡುವೆ ದಾರದಂಥ ಒಂದು ಎಳೆಯೂ ಸಿಕ್ಕಿತು. ನೀರಲ್ಲಿ ನೆನೆಸಿ, ಎರಡೂ ತುದಿ ಹಿಡಿದು ಎಳೆದೆ. ಸಿಪ್ಪೆ ಬಿರಿಯಿತು. ಒಳಗಿನ ಬಿಳಿ ದಾರ ರಬ್ಬರಿನಂತೆ ಹಿಗ್ಗಿತು.

"ಅದು ನಾಳೆ ಪುಡಿಗೆ ಬೇಕು ಕಣ್ರೀ," ಅಂದಳು ನನ್ನ ಹೆಂಡತಿ.